ಗುಳ್ಳೆ ದಾಟಿದ ಗಳಿಗೆ

ಮೈ ಮುಟ್ಟಿ ರೋಗ ಹೇಳುವವರನ್ನು ನಾನು ಎಂದೂ ನಂಬಿದವನಲ್ಲ. ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ಹೃದಯದ ಸ್ಕ್ಯಾನ್ ಮಾಡುವುದು ನನ್ನ ಕೆಲಸ. ಪರದೆಯ ಮೇಲೆ ಕಂಡದ್ದು ಉಂಟು, ಕಾಣದ್ದು ಇಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದವನು.

ಕೆಲವು ವರ್ಷಗಳ ಹಿಂದೆ ಮೆಟ್ರಿ ಎಂಬ ಹಳ್ಳಿಯಿಂದ ಹುಲಿಗೆಮ್ಮ ಬಂದಳು. ಇಪ್ಪತ್ತಾರರ ಪ್ರಾಯ, ಮನೆಯಲ್ಲಿ ಮೊಲೆಗೂಸು. ಭತ್ತದ ನಾಟಿ ಮಾಡುವಾಗಲೇ ಲಕ್ವ ಹೊಡೆದು ಬಲಗೈ ಸೋತಿತ್ತು. ಹೃದಯದ ಗೋಡೆಯ ಸಣ್ಣ ರಂಧ್ರದಿಂದ ರಕ್ತದ ಹೆಪ್ಪು ದಾಟಿ ಮಿದುಳಿಗೆ ಹೋಗಿರಬಹುದೆಂದು ಡಾಕ್ಟರರ ಗುಮಾನಿ. ರಂಧ್ರ ಸಿಕ್ಕರೆ ಮುಚ್ಚಬಹುದು. ಸಿಗದಿದ್ದರೆ ಇನ್ನೊಂದು ಹೊಡೆತಕ್ಕೆ ಹೆದರಿಕೊಂಡೇ ಬದುಕಬೇಕು.

ಅದನ್ನು ಹಿಡಿಯುವ ಉಪಾಯ ಎಷ್ಟು ಚೆಂದ ಗೊತ್ತೇ! ಉಪ್ಪುನೀರಿಗೆ ಚೂರು ಗಾಳಿ ಬೆರೆಸಿ, ಎರಡು ಸಿರಿಂಜುಗಳ ನಡುವೆ ಹಿಂದೆಮುಂದೆ ತಳ್ಳಿ ಸಣ್ಣ ಗುಳ್ಳೆ ಎಬ್ಬಿಸಿ, ತೋಳಿನ ರಕ್ತನಾಳಕ್ಕೆ ಬಿಡುತ್ತಾರೆ. ಪರದೆಯಲ್ಲಿ ಹೃದಯದ ಬಲಗೋಣೆ ನುಚ್ಚು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಉಸಿರು ಬಿಗಿಹಿಡಿದು ತಿಣುಕುತ್ತಿರುವ ರೋಗಿ ಸರಿಯಾಗಿ ಆಗಲೇ, ಪರದೆ ನೋಡಿ ನಾನು 'ಬಿಡು' ಎಂದ ಕೂಡಲೇ, ಉಸಿರು ಬಿಡಬೇಕು. ರಂಧ್ರವಿದ್ದರೆ ಗುಳ್ಳೆಗಳು ಎಡಕ್ಕೆ ನುಗ್ಗುತ್ತವೆ.

ಡಾಕ್ಟರರು, ನಾನು, ಇಬ್ಬರು ಗಂಡಸರೆದುರು ಹೆರಿಗೆಯವಳಂತೆ ತಿಣುಕಲು ಹುಲಿಗೆಮ್ಮನಿಗೆ ನಾಚಿಕೆ. ಕೆನ್ನೆ ಉಬ್ಬಿಸಿದಳೇ ಹೊರತು ಹೊಟ್ಟೆ ಬಿಗಿಯಲಿಲ್ಲ. ಎರಡು ಸಲ ಮಾಡಿದರೂ ಒಂದು ಗುಳ್ಳೆಯೂ ದಾಟಲಿಲ್ಲ. 'ರಂಧ್ರವಿಲ್ಲ' ಎಂದು ಬರೆಯಲು ಹೊರಟಿದ್ದೆ ನಾನು, ಪುಣ್ಯಾತ್ಮ!

ಬಾಗಿಲ ಬಳಿ ಕೂತಿದ್ದ ಅವಳ ಅಜ್ಜಿ ತಡವಿಕೊಂಡು ಬಂದಳು. ಊರಿನ ಸೂಲಗಿತ್ತಿ, ಕಣ್ಣಿಗೆ ಪೊರೆ ಬಂದು ಏನೂ ಕಾಣದು.

"ನಾ ಕುಂದ್ರತೀನ್ರಿ ಸಾಹೇಬ್ರ, ನನ್ ಮುಂದ ಆಕಿ ನಾಚಂಗಿಲ್ಲ," ಎಂದು ಮೊಮ್ಮಗಳ ಬೆನ್ನಿಗೆ ಅಂಗೈ ಒತ್ತಿದಳು. "ತಿಣಕವ್ವ... ಹಂಗ... ಇನ್ನಾ ಹಿಡಿ..."

ಡಾಕ್ಟರರು ನೀರು ಬಿಟ್ಟರು. ಬಲಗೋಣೆ ತುಂಬಿತು. ನಾನು 'ಬಿಡು' ಎನ್ನಲು ಬಾಯಿ ತೆರೆಯುವ ಮೊದಲೇ ಅಜ್ಜಿ, "ಬಂದ್ವು. ಬಿಡವ್ವ!" ಎಂದಳು. ಹತ್ತಾರು ಗುಳ್ಳೆಗಳು ಎಡಕ್ಕೆ ಹಾರಿದವು.

ಖಾತ್ರಿಗೆಂದು ಇನ್ನೆರಡು ಸಲ ಮಾಡಿದೆವು. ಒಮ್ಮೆ ಡಾಕ್ಟರರು ಬೇಕೆಂದೇ ತಡಮಾಡಿ, ಸದ್ದಿಲ್ಲದೆ ನೀರು ಬಿಟ್ಟರು. ಮುದುಕಿ ತಪ್ಪಲಿಲ್ಲ. ಗುಳ್ಳೆಯ ವಿಷಯವನ್ನು ಅವಳಿಗೆ ಯಾರೂ ಹೇಳಿಯೇ ಇರಲಿಲ್ಲ.

"ಅಜ್ಜಿ, ಹೆಂಗ ಗೊತ್ತಾತು?" ಎಂದೆ.

"ಕೈಗೆ ಗೊತ್ತಾಗ್ತೈತಲ್ರಿ. ನಿಮ್ ಮಷೀನಿಗೆ ಯಾರ್ ಹೇಳ್ತಾರ?"

ರಂಧ್ರ ಮುಚ್ಚಿಸಿಕೊಂಡ ಹುಲಿಗೆಮ್ಮ, ಕೈಯೂ ಮೆಲ್ಲಗೆ ಚೇತರಿಸಿ, ಈಗ ಅದೇ ಬಲಗೈಯಲ್ಲಿ ರೊಟ್ಟಿ ಬಡಿಯುತ್ತಾಳೆ. ಡಾಕ್ಟರರು 'ಕಾಕತಾಳೀಯ' ಎನ್ನುತ್ತಾರೆ. ಮೂರು ಸಲವೂ? ಆ ಮುದುಕಿಯ ಕೈಗೆ ನಾನಂತೂ ಮನಸ್ಸಿನಲ್ಲೇ ಕೈಮುಗಿದಿದ್ದೇನೆ. ಆಮೇಲೆ ಎಷ್ಟೋ ಮಂದಿಯ ಬೆನ್ನಿಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ ಕಾದಿದ್ದೇನೆ. ಬೆಚ್ಚಗಿನ ಚರ್ಮ, ಏರಿಳಿಯುವ ಉಸಿರು, ಅಷ್ಟೇ. ಕಣ್ಣು ಬಿಟ್ಟು ನೋಡುವಷ್ಟರಲ್ಲಿ ಗುಳ್ಳೆಗಳು ಬಂದು ಹೋಗಿರುತ್ತವೆ.