ಡಬ್ಬಾ ಡಾಕ್ಟರು
ಬೀದಿಯವರೆಲ್ಲ ಅವರನ್ನು ಡಬ್ಬಾ ಡಾಕ್ಟರು ಎನ್ನುತ್ತಾರೆ. ಹಳೆ ಸಾಮಾನಿನ ಅಂಗಡಿಗಳಲ್ಲಿ ಕಾಲು ಮುರಿದ ಕುರ್ಚಿ, ಹಿಡಿ ಕಳಚಿದ ಬಾಣಲೆಗಳ ನಡುವೆ ಮುದಿ ಕಂಪ್ಯೂಟರೊಂದು ಕಂಡಿತೋ, ಹಸುಗೂಸಿನಂತೆ ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ತರುತ್ತಾರೆ. ಮೂಸಿ ನೋಡಿಯೇ ಒಳಗೆ ಸುಟ್ಟಿರುವುದು ಯಾವುದೆಂದು ಹೇಳುತ್ತಾರೆ, ಹಲ್ಲುಜ್ಜುವ ಬ್ರಷ್ಷಿನಿಂದ ಧೂಳು ತೆಗೆಯುತ್ತಾರೆ. ಊಟದ ಮೇಜು, ಮಂಚ, ಕಿಟಕಿಕಟ್ಟೆ ಎಲ್ಲವೂ ರೋಗಿಗಳಿಗೇ ಮೀಸಲಾಗಿ, ಡಾಕ್ಟರು ಮಾತ್ರ ಅಡುಗೆಮನೆಯ ನೆಲದಲ್ಲಿ ಮಲಗುತ್ತಾರೆ. "ಇನ್ನೂ ಎಷ್ಟು ಹೊತ್ಕೊಂಡು ಬರ್ತೀಯೋ?" ಎಂದು ಅಕ್ಕ ತಲೆ ಚಚ್ಚಿಕೊಂಡರೆ, "ಇದಕ್ಕಿನ್ನೂ ಜೀವ ಇದೆ ಕಣಕ್ಕ" ಎನ್ನುವುದೊಂದೇ ಉತ್ತರ. ಆದರೆ ಅಂಗಡಿಯಲ್ಲಿ ಅವರು ಮೊದಲು ಕೈಗೆತ್ತಿಕೊಳ್ಳುವುದು ಕೀಬೋರ್ಡನ್ನು. ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರದ ಗುಂಡಿಯನ್ನು ಹೆಬ್ಬೆರಳಿನಿಂದ ಒರೆಸಿ ನೋಡುತ್ತಾರೆ. ಟೈಪಿಂಗ್ ಕಲಿಯುವಾಗ ಬೆರಳು ದಾರಿ ತಪ್ಪದಿರಲೆಂದು ಅವರ ಹೆಂಡತಿ ಮನೆಯ ಕಂಪ್ಯೂಟರಿನ ಒಂದು ಗುಂಡಿಯ ಮೇಲೆ ಕೆಂಪು ಉಗುರುಬಣ್ಣದ ಚುಕ್ಕೆ ಇಟ್ಟಿದ್ದಳು. ಕಾಯಿಲೆ ಬಿದ್ದ ಎರಡು ವರ್ಷವೂ ದಿನಾ ಅದರಲ್ಲಿ ಏನೋ ಬರೆಯುತ್ತಿದ್ದಳು. ಇವರು ಒಮ್ಮೆಯೂ ಇಣುಕಿ ನೋಡಿರಲಿಲ್ಲ. ಆಕೆ ತೀರಿಕೊಂಡ ವಾರವೇ, ಕಣ್ಣೆದುರು ಇರುವುದು ಬೇಡವೆಂದು, ಆ ಕಂಪ್ಯೂಟರನ್ನು ಯಾವುದೋ ಅಂಗಡಿಗೆ ಹಾಕಿ ಬಂದವರೂ ಇವರೇ. "ಸಿಕ್ಕಿದ್ರೆ ಅವಳು ಬರೆದಿದ್ದನ್ನ ಓದ್ತೀಯೇನೋ?" ಎಂದು ಮೊನ್ನೆ ಅಕ್ಕ ಮೆಲ್ಲಗೆ ಕೇಳಿದಳು. ಡಾಕ್ಟರು ಬ್ರಷ್ಷನ್ನು ಕೆಳಗಿಟ್ಟರು. "ಅದರಲ್ಲಿ ಏನೂ ಇಲ್ಲ ಕಣಕ್ಕ. ಬೇರೆಯವರ ಕೈಗೆ ಹೋಗೋದಲ್ವಾ ಅಂತ, ಕೊಡೋಕೆ ಮುಂಚೆ ನಾನೇ ಎಲ್ಲ ಅಳಿಸಿಬಿಟ್ಟೆ."