ಕನ್ನಡಿ ಕುಡಿಯುವ ಬೆಳಕು

ಇವತ್ತು ಪ್ರಯೋಗಾಲಯದಲ್ಲಿ ಕನ್ನಡಿ ಒರೆಸಲು ಸ್ಪಿರಿಟ್ಟಿನ ಹೊಸ ಬಾಟಲಿ ತೆರೆದೆ. ಆ ವಾಸನೆಗೆ ಶಹಾಪುರದ ಹೈಸ್ಕೂಲು ನೆನಪಾಯಿತು, ವಿಜ್ಞಾನ ಕಲಿಸುತ್ತಿದ್ದ ಅಕ್ಕೋರು ನೆನಪಾದರು. ಅವರ ಮೇಜಿನ ಮೇಲೊಂದು ಸ್ಪಿರಿಟ್ ದೀಪ ಇರುತ್ತಿತ್ತು...

ಕಾಲುವೆಗೆ ನೀರು ಬಂದ ಹೊಸತು. ಜೋಳದ ಹೊಲಗಳು ಗದ್ದೆಗಳಾಗಿದ್ದವು. ಭತ್ತದ ನಾಟಿ ಶುರುವಾದರೆ ಹುಡುಗಿಯರ ಬೆಂಚು ಖಾಲಿ. ಅಪ್ಪ ತೀರಿಕೊಂಡಿದ್ದರಿಂದ ಅವ್ವ ನನ್ನನ್ನೂ ಶಾಲೆ ಬಿಡಿಸಿದಳು.

ಒಂದು ಭಾನುವಾರ ನಾವು ನಾಟಿ ಮಾಡುತ್ತಿದ್ದ ಗದ್ದೆಗೆ ಅಕ್ಕೋರು ಬದುವಿನ ಮೇಲೆ ನಡೆದು ಬಂದರು. ಚೀಲದಿಂದ ಕೈಗನ್ನಡಿ ತೆಗೆದು ಬಿಸಿಲಿಗಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಅವ್ವನ ಕೈಗೆ ಕೊಟ್ಟರು.

“ಬಿಸಿಲಾಗ ಇಟ್ರ ಬಿಸಿ ಆಗದ ಇರ್ತದೇನ್ರಿ ಅಕ್ಕೋರ?” ಎಂದು ಅವ್ವ ನಕ್ಕಳು.

“ಬೆಳಕೆಲ್ಲಾ ಕನ್ನಡಿ ವಾಪಸ್ ಕೊಡ್ತದಂತ ನಾ ಪಾಠ ಮಾಡಿದ್ದೆ. ಹಂಗಾದ್ರ ಈ ಬಿಸಿ ಎಲ್ಲಿಂದ ಬಂತು ಅಂತ ನಿಮ್ಮ ಮಗಳು ಕೇಳ್ಯಾಳ. ಇಂಥಾಕಿನ್ನ ಕೆಸರಾಗ ನಿಂದ್ರಿಸಬ್ಯಾಡ್ರಿ.”

ಅವ್ವನ ನಗು ಹೋಯಿತು. “ಕೆಸರಾಗ ನಾನೂ ನಿಂತೀನ್ರಿ. ಆಕಿ ಬಿಟ್ರ ಕೈಗೆ ಕೈ ಯಾರದಾರ?”

ಅಕ್ಕೋರ ಮುಖ ಸಣ್ಣದಾಯಿತು. ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಗದ್ದೆಗೆ ಇಳಿದರು. ಸಂಜೆಯವರೆಗೂ ನೆಟ್ಟರು. ಅವರು ನೆಟ್ಟ ಸಾಲು ಹಾವು ಹರಿದಂತಿತ್ತು. ಅವ್ವ ಹಿಂದಿನಿಂದ ಕಿತ್ತು ಸರಿಮಾಡುತ್ತ, ಕೊನೆಗೆ ತಡೆಯಲಾರದೆ ನಕ್ಕುಬಿಟ್ಟಳು.

“ಸಾಕ್ ಬಿಡ್ರಿ, ನೀವು ಸಾಲ್ಯಾಗ ಪಾಠ ಮಾಡಾಕೇ ಛಲೋ. ಮಗಳನ್ನ ನಾಳಿಗೇ ಕಳಸ್ತೀನಿ.”

ಮರುದಿನ ಅಕ್ಕೋರು ಎರಡು ಕನ್ನಡಿ ತಂದು ಒಂದಕ್ಕೆ ಧೂಳು ಸವರಿದರು. “ಜವಾಬು ನನಗೂ ಪಕ್ಕಾ ಗೊತ್ತಿಲ್ಲ. ಕೂಡಿ ನೋಡೂಣು ಬಾ” ಎಂದರು. ಎರಡರ ಬೆನ್ನಿಗೂ ಥರ್ಮಾಮೀಟರು ಕಟ್ಟಿ ಬಿಸಿಲಲ್ಲಿ ಕೂತೆವು. ಧೂಳಿನ ಕನ್ನಡಿ ಹೆಚ್ಚು ಕಾಯಿತು, ಆದರೆ ಧೂಳಿಲ್ಲದ್ದೂ ತುಸು ಕಾದಿತ್ತು. ಕನ್ನಡಿಯೂ ಸ್ವಲ್ಪ ಬೆಳಕು ಕುಡಿಯುತ್ತದೆ, ಕುಡಿದದ್ದು ಕಾವಾಗುತ್ತದೆ ಎಂದು ಇಬ್ಬರಿಗೂ ಅವತ್ತೇ ತಿಳಿಯಿತು.

ಈಗ ನನ್ನ ಕೆಲಸವೇ ಅದು. ದೊಡ್ಡ ಲೇಸರುಗಳ ಕನ್ನಡಿಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೇಪನ ಇರುತ್ತದೆ. ಅದು ಬೆಳಕನ್ನು ತುಸು ಹೆಚ್ಚು ಕುಡಿದರೂ ಕನ್ನಡಿ ಸುಟ್ಟುಹೋಗುತ್ತದೆ. ಹಾಗಾಗಿ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಲೇಸರ್ ಬಿಟ್ಟು, ಎಷ್ಟು ಕಾಯಿತು, ಹೇಗೆ ಆರಿತು ಎಂದು ಅಳೆಯುತ್ತೇನೆ. ಹಲವು ತಿಂಗಳಿಂದ ಒಂದರ ಹಿಂದೊಂದು ಲೇಪನ ಸೋಲುತ್ತಿತ್ತು. ಇವತ್ತಿನದು ಕಾದೇ ಇಲ್ಲವೇನೋ ಎಂಬಷ್ಟು ತಣ್ಣಗಿತ್ತು!

ಮೊದಲು ಅಕ್ಕೋರಿಗೆ ಹೇಳಬೇಕಿತ್ತು. ಅವರು ಹೋಗಿ ಎರಡು ಬೇಸಿಗೆಯಾಯಿತು... ಅವ್ವನಿಗೆ ಫೋನ್ ಮಾಡಿದೆ.

“ಅಕ್ಕೋರು ಇದ್ದಿದ್ರ ಹಿಗ್ಗತಿದ್ರು ನೋಡವ್ವಾ,” ಎಂದಳು. “ಆತು, ನಾಳಿ ಇನ್ನೊಂದು ಕನ್ನಡಿ ಅಳದು ನೋಡು.”