ಲಾಗಿನ ಒಂಬತ್ತೂವರೆ

ಕೋಲ್ಕತ್ತದ ಲೇಕ್ ಗಾರ್ಡನ್ಸ್‌ನಲ್ಲಿದ್ದ ನಮ್ಮ ಬಾಡಿಗೆ ಮನೆಯ ಗೋಡೆ ಗಡಿಯಾರವನ್ನು ನನ್ನ ಗಂಡ ಸದಾ ಐದು ನಿಮಿಷ ಮುಂದಿಡುತ್ತಿದ್ದರು. ರೈಲ್ವೆ ನೌಕರಿಯವರು, ತಡವಾಗುವುದೆಂದರೆ ಅವರಿಗೆ ಪ್ರಾಣಸಂಕಟ. ಆ ಗಡಿಯಾರ ಹೇಳುವುದು ಸುಳ್ಳೆಂದು ಮನೆಯಲ್ಲಿ ಇಬ್ಬರಿಗೂ ಗೊತ್ತಿತ್ತು, ಆದರೂ ಅದನ್ನು ನೋಡಿದಾಗಲೆಲ್ಲ ಒಲೆಯ ಮೇಲಿನ ಸಾರನ್ನು ಅರ್ಧಕ್ಕೇ ಇಳಿಸಿ ಓಡುತ್ತಿದ್ದೆ. ಮಿತ್ರರೇ, ಗಡಿಯಾರದ ಮಾತನ್ನು ಎಷ್ಟು ನಂಬಬೇಕೆಂಬ ಪಾಠ ದಿನಬೆಳಗಾದರೆ ಕಣ್ಣೆದುರೇ ತೂಗಾಡುತ್ತಿದ್ದರೂ ನಾನದನ್ನು ಕಲಿಯಲಿಲ್ಲವಲ್ಲ ಎಂಬುದೇ ಇವತ್ತಿಗೂ ನನ್ನ ಸೋಜಿಗ.

ಊರಿಗೂರೇ ಕಂಪ್ಯೂಟರಿನ ಜಪ ಮಾಡುತ್ತಿದ್ದ ವರ್ಷಗಳವು. ಡಮ್ ಡಮ್ ಕಡೆಯ ಒಂದು ಸಣ್ಣ ಧರ್ಮಾಸ್ಪತ್ರೆಯ ರಕ್ತನಿಧಿಯಲ್ಲಿ ನಾನು ರೋಗಿಗಳ ಮಾಹಿತಿಯನ್ನಿಡುವ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದೆ. ದಪ್ಪ ರಿಜಿಸ್ಟರುಗಳಲ್ಲಿದ್ದುದನ್ನೆಲ್ಲ ಅದರೊಳಗೆ ತುಂಬಿಸಿದವರು ಬಿಮಲ್‌ಬಾಬು. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ಗುಮಾಸ್ತರು, ಬೆಳಿಗ್ಗೆ ಏಳಕ್ಕೆ ಬಂದು ಮಧ್ಯಾಹ್ನ ಎರಡೂವರೆಗೆ ಹೊರಡುವವರು, ಅಲ್ಲಿನ ಹಿರಿಯರ ರೂಢಿಯಂತೆ ನನ್ನನ್ನು 'ಮಾ' ಎಂದು ಕರೆಯುವವರು. ಒಂದೊಂದೇ ಬೆರಳಿನಲ್ಲಿ, ಅಕ್ಕಿಯಲ್ಲಿ ಕಲ್ಲು ಆರಿಸುವ ತಾಳ್ಮೆಯಿಂದ ಅವರು ಟೈಪು ಮಾಡುತ್ತಿದ್ದರು.

ಒಂದು ದಿನ ಸಂಧ್ಯಾ ದಾಸ್ ಎಂಬಾಕೆ ಬಂದಳು. ತಿಂಗಳಿಗೊಮ್ಮೆ ರಕ್ತ ಪಡೆಯದೆ ಬದುಕಲಾರದ ಹೆಂಗಸು. ಯಾವ ರಕ್ತ ಒಗ್ಗುತ್ತದೆ, ಯಾವುದು ಒಗ್ಗದು ಎಂಬ ಅವಳ ಪೂರ್ವವೃತ್ತಾಂತವೆಲ್ಲ ನಮ್ಮಲ್ಲಿತ್ತು. ಹುಡುಕಿದರೆ ಅದಿಲ್ಲ. ಎಲ್ಲ ಪರೀಕ್ಷೆಗಳನ್ನೂ ಮೊದಲಿನಿಂದ ಮಾಡುವಷ್ಟು ಹೊತ್ತು ಅವಳು ಬಿಳಿಚಿದ ಮುಖ ಹೊತ್ತು ಬೆಂಚಿನ ಮೇಲೆ ಒರಗಿದ್ದಳು. ಅಷ್ಟರಲ್ಲಿ ಇನ್ನೂ ಹತ್ತು ಜನರ ದಾಖಲೆ ಮಾಯವಾಗಿರುವುದು ತಿಳಿಯಿತು.

ಇಂಥ ಹೊತ್ತಿಗೆಂದೇ ಲಾಗ್ ಇರುತ್ತದೆ. ಯಾರು ಬಂದರು, ಯಾವಾಗ, ಏನು ಮಾಡಿದರು ಎಂಬುದನ್ನೆಲ್ಲ ಯಂತ್ರ ತನ್ನಷ್ಟಕ್ಕೆ ಸಾಲುಸಾಲಾಗಿ ಬರೆದಿಡುವ ದಿನಚರಿ ಅದು. ತೆರೆದು ನೋಡಿದೆ. ಹನ್ನೊಂದು ಅಳಿಸುವಿಕೆ, ಹನ್ನೊಂದರ ಮುಂದೆಯೂ ಬಿಮಲ್‌ಬಾಬು ಹೆಸರು, ದಿನ ಬೇರೆಯಾದರೂ ಸಮಯ ಒಂದೇ: ಒಂಬತ್ತೂವರೆ. ಬೆಳಗಿನ ಆ ಹೊತ್ತಿಗೆ ಅವರು ಕುರ್ಚಿ ಬಿಟ್ಟು ಕದಲುವವರೇ ಅಲ್ಲ. ಇನ್ನೇನು ಬೇಕು? ಪುಟವನ್ನು ಮುದ್ರಿಸಿ ಮೇಲಧಿಕಾರಿಯ ಮೇಜಿನ ಮೇಲಿಟ್ಟೆ.

ಅಧಿಕಾರಿ ಅವರನ್ನು ಕರೆಸಿದರು. ಬಿಮಲ್‌ಬಾಬು ಕನ್ನಡಕ ಒರೆಸಿಕೊಂಡು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. "ನನಗೆ ನೆನಪಿಲ್ಲ" ಎಂದರು. ಮಾಡಿಲ್ಲ ಎನ್ನಲಿಲ್ಲ. ಅದನ್ನೇ ಒಪ್ಪಿಗೆಯೆಂದು ನಾವು ತಿಳಿದೆವು. ಮರುದಿನದಿಂದ ಅವರನ್ನು ಕಂಪ್ಯೂಟರಿನಿಂದ ಬಿಡಿಸಿ, ರಕ್ತದ ಚೀಲಗಳಿಗೆ ಚೀಟಿ ಅಂಟಿಸುವ ಕೋಣೆಗೆ ಕಳಿಸಿದರು.

ಮೂರನೆಯ ದಿನ, ಕಳೆದುಹೋದ ದಾಖಲೆಗಳ ಕ್ರಮಸಂಖ್ಯೆ ಬರೆದುಕೊಳ್ಳಲೆಂದು ಮತ್ತೆ ಲಾಗ್ ತೆರೆದವಳು ಸುಮ್ಮನೆ ಅದರ ಕೊನೆಯ ಸಾಲಿನತ್ತ ಕಣ್ಣಾಡಿಸಿದೆ. ಅಲ್ಲಿ ನನ್ನದೇ ಹೆಸರು: ಸುಮಾ, ಪ್ರವೇಶ, ನಾಲ್ಕು ನಲವತ್ತು. ನಾನು ಒಳಹೊಕ್ಕಿದ್ದು ಆಗಷ್ಟೇ, ನನ್ನ ಕೈಗಡಿಯಾರದಲ್ಲಿ ಹತ್ತೂ ಹತ್ತು. ಬೆಳಗಿನ ನಾಲ್ಕು ನಲವತ್ತಕ್ಕೆ ನಾನು ಮನೆಯಲ್ಲಿ ಹೊದ್ದು ಮಲಗಿದ್ದವಳು! ನಾನು ಎರಡು ಕಡೆ ಇದ್ದೆನೇ ಎಂದು ಒಂದು ಗಳಿಗೆ ತಲೆ ಗಿಮ್ಮೆಂದಿತು. ಆಮೇಲೆ ಬೆರಳು ಮಡಚಿ ಎಣಿಸಿದೆ. ಐದೂವರೆ ಗಂಟೆಯ ಅಂತರ. ಯಂತ್ರ ಇಂಗ್ಲೆಂಡಿನ ವೇಳೆಯಲ್ಲಿ ದಿನಚರಿ ಬರೆಯುತ್ತಿತ್ತು. ಹಾಗಾದರೆ ಅದರ ಒಂಬತ್ತೂವರೆ ನಮ್ಮ ಮಧ್ಯಾಹ್ನದ ಮೂರು. ಮೂರಕ್ಕೆ ಬಿಮಲ್‌ಬಾಬು ಆಸ್ಪತ್ರೆಯಲ್ಲೇ ಇರುವುದಿಲ್ಲ.

ಸಾಫ್ಟ್‌ವೇರ್ ಕೂರಿಸಿದ ಕಂಪನಿಗೆ ಫೋನು ಮಾಡಿದೆ. ಆ ಕಡೆಯವನು ನಿರಾಳವಾಗಿ ಹೇಳಿದ: "ಅದಾ ಮೇಡಂ, ದಿನಾ ತಾನಾಗಿಯೇ ನಡೆಯೋ ಸ್ವಚ್ಛತೆ ಅದು. ಹೆಸರು, ವಯಸ್ಸು ಎರಡೂ ಒಂದೇ ಇದ್ದರೆ ಒಂದನ್ನು ಅಳಿಸುತ್ತೆ. ಅದನ್ನು ಕೂರಿಸಿದ ದಿನ ನಿಮ್ಮ ಆ ಹಿರಿಯರ ಪಾಸ್‌ವರ್ಡ್ ಸಿಕ್ಕಿತು, ಅವರ ಹೆಸರಲ್ಲೇ ಹಾಕಿದ್ವಿ."

ಈ ಊರಿನಲ್ಲಿ ಒಂದೇ ವಯಸ್ಸಿನ ಸಂಧ್ಯಾ ದಾಸರು ಎಷ್ಟಿಲ್ಲ! ಆ ಸ್ವಚ್ಛತೆಯನ್ನು ನಿಲ್ಲಿಸಿ, ಹಿಂದಿನ ವಾರಗಳಲ್ಲಿ ತೆಗೆದಿಟ್ಟಿದ್ದ ಪ್ರತಿಗಳಿಂದ ಹನ್ನೊಂದು ಜನರನ್ನೂ ಮರಳಿ ತಂದೆ. ಅವರೇನೋ ಬಂದರು. ನನ್ನ ಗೊಂದಲ ಮಾತ್ರ ಹೋಗಲಿಲ್ಲ. ಯಂತ್ರ ಸುಳ್ಳು ಬರೆದಿರಲಿಲ್ಲ, ನಾನು ಸುಳ್ಳು ಹೇಳಿರಲಿಲ್ಲ, ಬಿಮಲ್‌ಬಾಬು ಆಡಿದ ಎರಡು ಶಬ್ದವೂ ನಿಜವೇ. ಇಷ್ಟೊಂದು ನಿಜಗಳು ಸೇರಿ ಒಂದು ಅನ್ಯಾಯ ಹೇಗಾಯಿತು?

ಚೀಟಿಯ ಕೋಣೆಗೆ ಹೋಗಿ ಎಲ್ಲ ಹೇಳಿದೆ, ಕ್ಷಮೆ ಕೇಳಿದೆ. ಅವರು ಅಂಟು ಮೆತ್ತಿದ ಬೆರಳನ್ನು ಒರೆಸಿಕೊಳ್ಳುತ್ತ ಕೇಳಿಸಿಕೊಂಡರು.

"ಮಾಡಿಲ್ಲ ಅಂತ ಅವತ್ತೇ ಯಾಕೆ ಹೇಳಲಿಲ್ಲ, ಬಿಮಲ್‌ಬಾಬು?"

"ಅದು ಬರೆದುಬಿಟ್ಟಿತ್ತಲ್ಲ, ಮಾ" ಎಂದರು ತಮ್ಮ ಬಂಗಾಳಿ ಬೆರೆತ ಹಿಂದಿಯಲ್ಲಿ. "ನನ್ನ ಅಪ್ಪನಿಗೂ ಈ ವಯಸ್ಸಿನಲ್ಲೇ ಮರೆವು ಬಂದಿತ್ತು. ನನಗೂ ಶುರುವಾಯಿತು ಅಂದುಕೊಂಡೆ. ಹೆಂಡತಿಗೂ ಹೇಳಿಬಿಟ್ಟೆ."

ಅಂಗಿಯ ಜೇಬಿನಿಂದ ಪುಟ್ಟ ನೋಟುಪುಸ್ತಕ ತೆಗೆದು ಓದಿದರು: ಏಳಕ್ಕೆ ಬಂದೆ. ಏಳೂ ಇಪ್ಪತ್ತಕ್ಕೆ ಚಹಾ. ಎಂಟಕ್ಕೆ ನಲವತ್ತು ಚೀಟಿ ಅಂಟಿಸಿದೆ. ಮೂರು ದಿನದಿಂದ ಹೀಗೆ ಬರೆಯುತ್ತಿದ್ದರಂತೆ, ಮರೆಯದಿರಲೆಂದು ಹೆಂಡತಿಯೇ ಹೇಳಿಕೊಟ್ಟದ್ದಂತೆ.

"ಇನ್ನು ಬರೆಯಬೇಕಾಗಿಲ್ಲ" ಎಂದೆ.

ಅವರು ತಲೆಯಾಡಿಸಿದರು. ಆದರೂ ಗೋಡೆಯ ಗಡಿಯಾರದತ್ತ ನೋಡಿ, ವೇಳೆ ಹಾಕಿ, ಒಂದು ಉದ್ದನೆಯ ಸಾಲು ಬರೆದರು. ಅದನ್ನು ಓದಿ ಹೇಳಲಿಲ್ಲ. ಪುಸ್ತಕವನ್ನು ನನ್ನ ಕಡೆ ತಿರುಗಿಸಿ, "ಸರಿಯಾಗಿದೆಯಾ ನೋಡು, ಮಾ" ಎಂದರು.

ನನಗೆ ಬಂಗಾಳಿ ಲಿಪಿ ಓದಲು ಬಾರದು. ಸರಿಯಾಗಿದೆ ಎಂದೆ.